ಕಡಲಿಗೆ ಬಿದ್ದವನನ್ನು ಕಾಯುವವರಾರು?

ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿ ದಿಕ್ಕುಗೆಟ್ಟ ಹಡಗೊಂದನ್ನು ಶ್ರೀ ಮಧ್ವಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ದಡಕ್ಕೆ ಕರೆತಂದರೆಂಬ ಕಥೆಯನ್ನು ಕೇಳದವರು ಉಡುಪಿಯ ಸೀಮೆಯಲ್ಲಿ ಇರಲಾರರು. ಕೃತಜ್ಞನಾದ ನಾವಿಕನು ಒಪ್ಪಿಸಿದ ಗೋಪೀಚಂದನದ ಗಡ್ಡೆಯೊಳಗಿನಿಂದಲೇ ಉಡುಪಿಯ ಕೃಷ್ಣನು ದೊರೆತನೆಂದು ಪರಂಪರೆಯು ಹೇಳುತ್ತದೆ. ಭಕ್ತರು ಈ ಕಥೆಯಲ್ಲಿ ದೈವಮಹಿಮೆಯನ್ನು ಕಾಣುವರು, ಅದು ಸಹಜವೇ. ನಾವು ಅದರಲ್ಲಿ ಇನ್ನೊಂದು ಮಾತನ್ನೂ ಕಾಣುತ್ತೇವೆ. ದಡದ ಮೇಲೆ ನಿಂತಿದ್ದವರೊಬ್ಬರು ಕಡಲಿನತ್ತ ಕಣ್ಣಿಟ್ಟಿದ್ದರು. ಆಪತ್ತನ್ನು ಕಂಡೊಡನೆ ಕೈಯಲ್ಲಿದ್ದ ಸಾಧನದಿಂದಲೇ ಗುರುತು ತೋರಿದರು. ಉಡುಪಿಯ ಕೀರ್ತಿಯು ಹೀಗೆ ಒಂದು ಕಡಲಿನ ರಕ್ಷಣೆಯಿಂದ ಮೊದಲಾಗಿರುವಾಗ, ಅದೇ ಕಡಲಿಗೆ ಬಿದ್ದವನೊಬ್ಬನನ್ನು ಮೇಲೆತ್ತುವ ವಿದ್ಯೆಯಲ್ಲಿ ಇಂದು ನಾವು ಎಷ್ಟರಮಟ್ಟಿಗೆ ನಿಪುಣರಾಗಿದ್ದೇವೆಂದು ಕೇಳಿಕೊಳ್ಳುವುದು ಅಪ್ರಸ್ತುತವಾಗಲಾರದು.

ದೋಣಿಯೇ ಮುಳುಗಿದರೆ ನಾಡು ಎಚ್ಚರಗೊಳ್ಳುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾದಾಗ ಕರಾವಳಿಯೆಲ್ಲ ಕಳವಳಗೊಂಡಿತು. 2019ರ ಜನವರಿಯಲ್ಲಿ ಮೀನುಗಾರರು ಮಲ್ಪೆಯಿಂದ ನಡೆದುಬಂದು ಹೆದ್ದಾರಿಯನ್ನು ತಡೆದು ಸರಕಾರದ ಕಿವಿಗೆ ತಮ್ಮ ಅಳಲನ್ನು ಮುಟ್ಟಿಸಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ನೌಕಾಪಡೆಯ 'ನಿರೀಕ್ಷಕ್' ನೌಕೆಯು ಮಾಲ್ವಣದ ಆಚೆಯ ಕಡಲಿನ ತಳದಲ್ಲಿ ಆ ಬೋಟಿನ ಅವಶೇಷವನ್ನು ಕಂಡುಹಿಡಿಯಿತು. ಏಳು ಮನೆಗಳ ದೀಪ ನಂದಿದ ಆ ಪ್ರಕರಣವನ್ನು ಈ ಜಿಲ್ಲೆ ಮರೆತಿಲ್ಲ; ಮರೆಯಲೂಬಾರದು.

ಆದರೆ ಬೋಟು ಮುಳುಗದೆಯೇ, ಬಿರುಗಾಳಿ ಬೀಸದೆಯೇ, ತಿಳಿಗಾಳಿಯ ಇರುಳಿನಲ್ಲಿ ಬೋಟಿನ ಅಂಚಿನಿಂದ ಒಬ್ಬನೇ ಒಬ್ಬನು ಜಾರಿ ನೀರಿಗೆ ಬಿದ್ದರೆ ಏನಾಗುತ್ತದೆ? ಹೆದ್ದಾರಿ ನಿಲ್ಲುವುದಿಲ್ಲ. ಮಂತ್ರಿಗಳು ಬರುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ವರ್ತಮಾನ ಬರುತ್ತದೆ. "ಆಕಸ್ಮಿಕವಾಗಿ ಕಾಲುಜಾರಿ" ಎಂಬ ಎರಡು ಪದಗಳಲ್ಲಿ ವಿಚಾರಣೆಯೆಲ್ಲ ಮುಗಿದುಹೋಗುತ್ತದೆ. ಹೀಗೆ ಒಬ್ಬೊಬ್ಬರಾಗಿ ಹೋದವರನ್ನು ಯಾರೂ ಒಟ್ಟಿಗೆ ಎಣಿಸದಿರುವುದರಿಂದಲೇ ಅವರ ಸಾವು ಒಂದು ಸಮಸ್ಯೆಯಾಗಿ ನಮ್ಮ ಕಣ್ಣಿಗೆ ಬೀಳುತ್ತಿಲ್ಲ. ಈ ಸಾವುಗಳಲ್ಲಿ ಬಹುಭಾಗವು ತಡೆಯತಕ್ಕ ಸಾವು. ಅದನ್ನು ತಡೆಯುವ ಕೆಲಸವು ಮನುಷ್ಯನು ನೀರಿಗೆ ಬಿದ್ದ ಮೇಲೆ ಮೊದಲಾಗುವುದಲ್ಲ, ಬೋಟು ದಕ್ಕೆಯನ್ನು ಬಿಡುವ ಮೊದಲೇ ಮುಗಿದಿರಬೇಕಾದುದು. ಇಷ್ಟನ್ನು ವಾಚಕರ ಮನಸ್ಸಿಗೆ ತರುವುದೇ ಈ ಲೇಖನದ ಉದ್ದೇಶ.

2023ರ ನವೆಂಬರಿನಲ್ಲಿ ನಡೆದ ಸಂಗತಿಯೊಂದನ್ನು ಅನೇಕರು ಓದಿರಬಹುದು. ತಮಿಳುನಾಡಿನ ಬೋಟೊಂದರ ಯುವಕ ಮೀನುಗಾರನೊಬ್ಬನು ರಾತ್ರಿಯ ವೇಳೆ ಮೂತ್ರವಿಸರ್ಜನೆಗೆಂದು ಬೋಟಿನ ಅಂಚಿಗೆ ಬಂದವನು ಆಯತಪ್ಪಿ ಕಡಲಿಗೆ ಬಿದ್ದನು. ಸಂಗಡಿಗರು ಹುಡುಕಿದರು; ಸಿಗಲಿಲ್ಲ. ವರದಿಯಾದಂತೆ ಸುಮಾರು 43 ಗಂಟೆಗಳ ಕಾಲ ಈಜುತ್ತ ತೇಲುತ್ತ ಪ್ರಾಣವನ್ನು ಹಿಡಿದುಕೊಂಡಿದ್ದ ಆತನನ್ನು ನಮ್ಮ ಗಂಗೊಳ್ಳಿಯ ಮೀನುಗಾರರು ಕಂಡು ಮೇಲೆತ್ತಿ ಬದುಕಿಸಿದರು. ಯಾವ ಊರಿನವನು, ಯಾವ ಭಾಷೆಯವನು ಎಂದು ಕೇಳದೆ ಬಲೆಯ ಕೆಲಸವನ್ನು ಬದಿಗಿಟ್ಟು ಅವನನ್ನು ಎತ್ತಿಕೊಂಡ ಗಂಗೊಳ್ಳಿಯವರ ನಡತೆಯು ಕನ್ನಡನಾಡಿಗೆ ಭೂಷಣವಾದುದು. ಆದರೆ ಈ ಪ್ರಸಂಗವನ್ನು ಪವಾಡವೆಂದು ಕೊಂಡಾಡಿ ಕೈತೊಳೆದುಕೊಳ್ಳುವುದು ನಮಗೆ ಯುಕ್ತವಾಗಿ ತೋರುವುದಿಲ್ಲ. ಆ ಯುವಕನು ಬದುಕಿದ್ದು ತನ್ನ ತೋಳಿನ ಬಲದಿಂದ, ಕಡಲು ಬೆಚ್ಚಗಿದ್ದುದರಿಂದ, ಬೇರೊಂದು ಬೋಟು ಅದೇ ದಾರಿಯಲ್ಲಿ ಬಂದುದರಿಂದ. ಈ ಮೂರರಲ್ಲಿ ಒಂದು ತಪ್ಪಿದ್ದರೂ ನಾಲ್ಕು ಸಾಲಿನ ವರ್ತಮಾನವೇ ಉಳಿಯುತ್ತಿತ್ತು. ಅದೃಷ್ಟದ ಮೇಲೆ ನಿಂತ ರಕ್ಷಣೆಯನ್ನು ವ್ಯವಸ್ಥೆಯೆಂದು ಕರೆಯಬಹುದೇ?

ಬಿದ್ದವನು ಏಕೆ ಸಿಗುವುದಿಲ್ಲವೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಸಾಕು. ಹಾಯಿದೋಣಿಯೊಂದು ಸಾಧಾರಣ ಗಾಳಿಯಲ್ಲಿ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆಯೆಂದು ಇಟ್ಟುಕೊಳ್ಳೋಣ. ಅದು ಕೂಡುರಸ್ತೆಯ ಸೈಕಲ್ಲಿಗಿಂತಲೂ ಮೆಲ್ಲನೆಯ ನಡಿಗೆ. ಆದರೂ ಒಬ್ಬನು ಬಿದ್ದ ಮೇಲೆ ಒಂದು ನಿಮಿಷ ಕಳೆಯುವಷ್ಟರಲ್ಲಿ ಅದು ಅವನಿಂದ 150 ಮೀಟರು ದೂರ ಸರಿದಿರುತ್ತದೆ. ಯಂತ್ರದ ಬೋಟು 8 ನಾಟ್ ವೇಗದಲ್ಲಿದ್ದರೆ ಅದೇ ನಿಮಿಷದಲ್ಲಿ ಸುಮಾರು 250 ಮೀಟರು. ನೀರಿನ ಮೇಲೆ ಕಾಣುವುದು ಮನುಷ್ಯನ ತಲೆ ಮಾತ್ರ. ಅದು ಒಂದು ತೆಂಗಿನಕಾಯಿಗಿಂತ ಹೆಚ್ಚು ದೊಡ್ಡದಲ್ಲ. ಆಳೆತ್ತರದ ಅಲೆಗಳ ನಡುವೆ, 200 ಮೀಟರು ದೂರದಲ್ಲಿ, ಒಂದು ತೆಂಗಿನಕಾಯಿಯನ್ನು ಹಗಲಿನಲ್ಲಿ ಹುಡುಕುವುದೇ ಕಷ್ಟ, ಕತ್ತಲಿನಲ್ಲಿ ಕೇಳುವುದೇನು? ಬಿದ್ದುದನ್ನು ಯಾರೂ ನೋಡದೆ, ಊಟದ ಹೊತ್ತಿಗೆ ಎಲೆಯ ಮುಂದೆ ಒಬ್ಬನು ಕಡಮೆಯೆಂದು ತಿಳಿದರಂತೂ ಹುಡುಕಬೇಕಾದ ಕಡಲು ಎಷ್ಟೋ ಚದರ ಮೈಲಿಗಳಿಗೆ ಹಬ್ಬಿರುತ್ತದೆ.

ಆದುದರಿಂದಲೇ ಹಾಯಿದೋಣಿಗಳನ್ನು ನಡೆಯಿಸುವ ಜನರು ಲೋಕದಲ್ಲೆಲ್ಲ ಈ ಆಪತ್ತಿಗೆ ಒಂದು ನಿಯತವಾದ ಕ್ರಮವನ್ನು ಮಾಡಿಕೊಂಡಿದ್ದಾರೆ. ಕಂಡವನು ಮೊದಲು ಗಟ್ಟಿಯಾಗಿ ಕೂಗತಕ್ಕದ್ದು. ಕೂಡಲೇ ತೇಲುವ ಬಳೆಯನ್ನೋ, ಅದಿಲ್ಲದಿದ್ದರೆ ಕೈಗೆ ಸಿಕ್ಕ ತೇಲುವ ವಸ್ತುವನ್ನೋ ನೀರಿಗೆ ಎಸೆಯತಕ್ಕದ್ದು. ಬಿದ್ದವನಿಗೆ ಅದು ಆಸರೆಯೂ ಹೌದು, ಹುಡುಕುವವರಿಗೆ ಗುರುತೂ ಹೌದು. ಒಬ್ಬನನ್ನು ಬೇರೆ ಯಾವ ಕೆಲಸಕ್ಕೂ ಹಚ್ಚದೆ, ಬಿದ್ದವನತ್ತ ಕೈಚಾಚಿ ಬೆರಳು ತೋರಿಸುತ್ತ, ಕಣ್ಣು ಕದಲಿಸದೆ ನಿಲ್ಲಿಸತಕ್ಕದ್ದು. ಚುಕ್ಕಾಣಿ ಹಿಡಿದವನು ದೋಣಿಯ ಮೂತಿಯನ್ನು ತಟ್ಟನೆ ಗಾಳಿಯತ್ತ ತಿರುಗಿಸಿ ವೇಗವನ್ನು ಮುರಿಯಬೇಕು. ಅದಾಗದಿದ್ದರೆ ಗಾಳಿಯನ್ನು ಬದಿಗೆ ಮಾಡಿಕೊಂಡು ಸ್ವಲ್ಪ ದೂರ ಹೋಗಿ, ಎಂಟರ ಅಂಕಿಯನ್ನು ಬರೆದಂತೆ ಸುತ್ತಿ, ಕಡೆಯಲ್ಲಿ ಹಾಯಿಯ ಹಗ್ಗವನ್ನು ಸಡಿಲಿಸಿ ಬಿದ್ದವನ ಬಳಿ ದೋಣಿಯನ್ನು ನಿಲ್ಲಿಸಬೇಕು. ಹಾಯಿದೋಣಿಗೆ ತಡೆಯೊತ್ತುವ ಕೀಲಿಲ್ಲ. ಎತ್ತಿನ ಗಾಡಿಯಂತೆ ಹಗ್ಗವೆಳೆದರೆ ನಿಲ್ಲುವುದೂ ಇಲ್ಲ. ಗಾಳಿಯ ಮರ್ಜಿಯನ್ನು ಅರಿತೇ ಅದನ್ನು ತಿರುಗಿಸಬೇಕು. ಇದು ಪುಸ್ತಕವನ್ನೋದಿ ಬರತಕ್ಕ ವಿದ್ಯೆಯಲ್ಲ. ಕೈಗೆ ಪಳಗಬೇಕಾದ ವಿದ್ಯೆ.

"ನಮ್ಮ ಕಡಲಿನಲ್ಲಿ ಈಗ ಹಾಯಿಗಳೆಲ್ಲಿವೆ?" ಎಂದು ಕೆಲವರು ಕೇಳಬಹುದು. ಸರಕು ತುಂಬಿದ ಮಂಜಿಗಳು ಹಾಯಿ ಬಿಚ್ಚಿಕೊಂಡು ಈ ತೀರದ ಬಂದರುಗಳ ನಡುವೆ ಓಡಾಡುತ್ತಿದ್ದ ಕಾಲ ಕಳೆದುಹೋಯಿತು, ನಿಜ. ಇಂದು ಮಲ್ಪೆಯ ಬಂದರಿನಲ್ಲಿ ಕಾಣುವುದು ಯಂತ್ರದ ಬೋಟುಗಳ ಸಾಲು. ಆದರೆ ಆಳಸಮುದ್ರದಲ್ಲಿ ಬಲೆಯನ್ನಿಳಿಸಿ ಎಳೆಯುತ್ತಿರುವ ಬೋಟಿನ ಸ್ಥಿತಿಯನ್ನು ವಿಚಾರಿಸಿರಿ. ನೂರಾರು ಮೀಟರು ಹಗ್ಗವೂ ಭಾರವಾದ ಬಲೆಯೂ ಅದರ ಬೆನ್ನಿಗೆ ಕಟ್ಟಿಕೊಂಡಿವೆ. ತಟ್ಟನೆ ತಿರುಗಿದರೆ ಬಲೆ ಯಂತ್ರದ ರೆಕ್ಕೆಗೆ ಸುತ್ತಿಕೊಳ್ಳಬಹುದು, ಬೋಟೇ ಮಗುಚಿಕೊಳ್ಳಲೂಬಹುದು. ಬಲೆಯನ್ನು ಎಳೆದುಕೊಂಡು ತಿರುಗುವಷ್ಟರಲ್ಲಿ ಬಿದ್ದವನು ಕೈಮೀರಿಹೋಗಿರುತ್ತಾನೆ. ಯಂತ್ರವಿದ್ದೂ ಬೇಕೆಂದಾಗ ನಿಲ್ಲಲಾರದ, ಬೇಕೆಂದತ್ತ ತಿರುಗಲಾರದ ಆ ಬೋಟು ಈ ಒಂದು ವಿಷಯದಲ್ಲಿ ಹಾಯಿದೋಣಿಯ ಒಡಹುಟ್ಟು. ಹಾಯಿಯವರು ಕಲಿತ ಪಾಠವನ್ನು ಯಂತ್ರದವರು ಮರೆಯಲಾಗದು. ಬಲೆಯ ಹಗ್ಗವನ್ನು ಯಾವಾಗ ಕಡಿಯಬೇಕು, ಕಡಿದರೆ ಅದರ ನಷ್ಟ ಯಾರದು ಎಂಬುದನ್ನು ದಕ್ಕೆಯಲ್ಲೇ ತೀರ್ಮಾನಿಸಿರಬೇಕು. ಲಕ್ಷಗಟ್ಟಲೆ ಬೆಲೆಯ ಬಲೆಯೋ ಸಂಗಡಿಗನ ಪ್ರಾಣವೋ ಎಂದು ಕತ್ತಲಿನಲ್ಲಿ, ಗಾಬರಿಯಲ್ಲಿ, ಬಡ ತಾಂಡೇಲನೊಬ್ಬನೇ ತೂಗಿನೋಡುವಂತೆ ಮಾಡುವುದು ಧರ್ಮವಲ್ಲ. "ಬಲೆ ಹೋದರೆ ಹೋಗಲಿ, ಆಳು ಬರಲಿ" ಎಂದು ಮಾಲೀಕನು ಮೊದಲೇ ಮಾತು ಕೊಟ್ಟಿರಬೇಕು.

ಬಿದ್ದವನ ಬಳಿಗೆ ಬಂದ ಮೇಲಾದರೂ ಕಷ್ಟ ಮುಗಿಯಿತೆಂದು ತಿಳಿಯಬಾರದು. ನೀರು ಕುಡಿದು, ತೋಳು ಸೋತು, ಬಟ್ಟೆ ತೊಯ್ದ ಮೈಯನ್ನು ಬೋಟಿನ ಎತ್ತರದ ಅಂಚಿನ ಮೇಲಕ್ಕೆ ಎಳೆದುಕೊಳ್ಳುವುದು ಇಬ್ಬರು ಗಟ್ಟಿಗರಿಗೂ ಆಗದ ಕೆಲಸ. ದೋಣಿಯ ಪಕ್ಕಕ್ಕೆ ಬಂದು ಕೈಹಿಡಿದ ಮೇಲೂ ಜಾರಿಹೋದವರ ಕಥೆಗಳು ಕಡಲಿನ ಜನರಲ್ಲಿ ಎಲ್ಲ ದೇಶಗಳಲ್ಲಿಯೂ ಇವೆ. ಇದಕ್ಕೆ ನಮ್ಮವರ ಬಳಿ ಪರದೇಶದವರಿಗಿಂತ ಒಳ್ಳೆಯ ಸಾಧನವೇ ಇದೆ: ಬಲೆ. ದಪ್ಪನೂಲಿನ ಬಲೆಯ ತುಂಡೊಂದರ ಒಂದು ಅಂಚನ್ನು ಬೋಟಿಗೆ ಕಟ್ಟಿ, ಇನ್ನೊಂದು ಅಂಚನ್ನು ನೀರಿಗಿಳಿಸಿ, ಬಿದ್ದವನನ್ನು ಅದರ ಮಡಿಲಿನಲ್ಲಿ ಮಲಗಿಸಿಕೊಂಡು ಮೇಲಕ್ಕೆ ಉರುಳಿಸಿದರೆ ಅರ್ಧ ಬಲದಲ್ಲಿ ಕೆಲಸವಾಗುತ್ತದೆ. ಬಹಳ ಹೊತ್ತು ನೀರಿನಲ್ಲಿದ್ದವನನ್ನು ನೆಟ್ಟಗೆ ಎತ್ತಿದರೆ ರಕ್ತದೊತ್ತಡವು ಕುಸಿದು ಎದೆ ನಿಲ್ಲುವ ಭಯವಿರುವುದರಿಂದ, ಅಡ್ಡಲಾಗಿ ಎತ್ತುವ ಈ ರೀತಿಯನ್ನೇ ತಿಳಿದವರು ಮೆಚ್ಚುತ್ತಾರೆ. ಮೀನು ಹಿಡಿಯುವ ಬಲೆ ಮನುಷ್ಯನನ್ನೂ ಹಿಡಿಯಬಲ್ಲದು. ಅದಕ್ಕಾಗಿ ಒಂದು ತುಂಡನ್ನು ಬೇರೆಯಾಗಿ ಮಡಿಸಿಟ್ಟಿರಬೇಕು, ಅಷ್ಟೆ.

ಇನ್ನು ಜೀವರಕ್ಷಕ ಜಾಕೆಟ್ಟಿನ ಮಾತು. "ನಾವು ಕಡಲಿನ ಮಕ್ಕಳು, ನಮಗೆ ಈಜು ಬರುತ್ತದೆ" ಎಂಬ ಹೆಮ್ಮೆಯು ನಮ್ಮ ಮೊಗವೀರರಲ್ಲಿಯೂ ಖಾರ್ವಿಗಳಲ್ಲಿಯೂ ಉಂಟು. ಅದು ಸುಳ್ಳು ಹೆಮ್ಮೆಯೂ ಅಲ್ಲ. ಆದರೆ ಫ್ರಾನ್ಸ್ ದೇಶದ ಎರಿಕ್ ತಬಾರ್ಲಿ ಎಂಬಾತನಿಗಿಂತ ಕಡಲನ್ನು ಹೆಚ್ಚಾಗಿ ಬಲ್ಲವರಾರು? ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಅಟ್ಲಾಂಟಿಕ್ ಮಹಾಸಾಗರವನ್ನು ದಾಟುವ ಪಂದ್ಯವನ್ನು 1964ರಲ್ಲಿಯೂ 1976ರಲ್ಲಿಯೂ ಗೆದ್ದ ವೀರನಾತ. 1998ರ ಜೂನ್ ತಿಂಗಳ ಒಂದು ರಾತ್ರಿ, ಐರಿಷ್ ಕಡಲಿನಲ್ಲಿ, ತನ್ನದೇ ದೋಣಿಯಿಂದ ನೀರಿಗೆ ಬಿದ್ದನು. ಜಾಕೆಟ್ ತೊಟ್ಟಿರಲಿಲ್ಲ, ದೋಣಿಗೆ ತನ್ನನ್ನು ಬಿಗಿದುಕೊಂಡಿರಲೂ ಇಲ್ಲ. ದೋಣಿಯಲ್ಲಿದ್ದ ಸಂಗಡಿಗರಿಗೆ ಅವನು ಸಿಗಲಿಲ್ಲ. ಶವವು ವಾರಗಳ ಮೇಲೆ ಮೀನುಗಾರರ ಬಲೆಗೆ ಸಿಕ್ಕಿತು. ಬೀಳುವಾಗ ತಲೆಗೆ ಪೆಟ್ಟಾದವನಿಗೆ ಯಾವ ಈಜು ಸಹಾಯಕ್ಕೆ ಬರುವುದು? ಕಾಲಿಗೆ ಹಗ್ಗ ಸುತ್ತಿದವನಿಗೆ ಯಾವ ಈಜು? ಈಜು ಬಲ್ಲವನಿಗೆ ಕೆಲವು ಗಂಟೆಗಳ ಅವಕಾಶ ಸಿಗಬಹುದು. ಜಾಕೆಟ್ ತೊಟ್ಟವನು ಅರಿವು ತಪ್ಪಿದರೂ ತೇಲುತ್ತಿರುತ್ತಾನೆ. ಇವೆರಡೂ ಒಂದೇ ಅಲ್ಲ.

ಜಾಕೆಟ್ಟನ್ನು ತೊಡದಿರುವುದಕ್ಕೆ ಸೋಮಾರಿತನವೇ ಕಾರಣವೆಂದು ಪಟ್ಟಣದಲ್ಲಿ ಕುಳಿತು ತೀರ್ಪು ಕೊಡುವವರೊಡನೆಯೂ ನಾವು ಸಮ್ಮತಿಸಲಾರೆವು. ಬಿಸಿಲಿನಲ್ಲಿ ಬೆವರುತ್ತ, ಹಗ್ಗವೆಳೆಯುತ್ತ, ಮೀನನ್ನು ಆಯುತ್ತ ದುಡಿಯುವವನಿಗೆ ದಪ್ಪನೆಯ ಕಿತ್ತಳೆಬಣ್ಣದ ಜಾಕೆಟ್ಟು ನಿಜವಾಗಿಯೂ ತೊಡಕೇ ಸರಿ. ಬಲೆಗೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಆದರೆ ಅದೊಂದೇ ಬಗೆಯ ಜಾಕೆಟ್ಟು ಲೋಕದಲ್ಲಿಲ್ಲ. ನೀರು ತಾಗಿದೊಡನೆ ಗಾಳಿ ತುಂಬಿಕೊಳ್ಳುವ, ಸಾಮಾನ್ಯವಾಗಿ ಹೆಗಲಿನ ಪಟ್ಟಿಯಷ್ಟೇ ಇರುವ ಜಾಕೆಟ್ಟುಗಳಿವೆ. ಇತರ ದೇಶಗಳ ಮೀನುಗಾರರು ಅವನ್ನು ತೊಟ್ಟುಕೊಂಡೇ ಬಲೆ ಎಳೆಯುತ್ತಾರೆ. ಬೆಲೆ ಹೆಚ್ಚು ನಿಜ. ಆದರೆ ಸರಕಾರವು ಯಂತ್ರಗಳಿಗೂ ಡೀಸೆಲಿಗೂ ಸಹಾಯಧನವನ್ನು ಕೊಡಬಲ್ಲುದಾದರೆ ಇದಕ್ಕೇಕೆ ಕೊಡಲಾಗದು? ಹೆಸರಿಗೆ ಮಾತ್ರ ಕೊಟ್ಟ ಒರಟು ಜಾಕೆಟ್ಟುಗಳು ಕ್ಯಾಬಿನಿನ ಮೂಲೆಯಲ್ಲಿ ಧೂಳು ತಿನ್ನುವುವು. ತಪಾಸಣೆಯ ದಿನ ಎಣಿಕೆಗೆ ಬರುವುವು. ಮೊಳೆಗೆ ತೂಗಿದ ಜಾಕೆಟ್ಟು ಮೊಳೆಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ.

ಬಿದ್ದವನನ್ನು ಎತ್ತುವುದಕ್ಕಿಂತ ಬೀಳದಂತೆ ಮಾಡುವುದು ಮೇಲು. ಈ ಮಾತನ್ನು ಹೇಳುವಾಗ ಪತ್ರಿಕೆಗಳು ಸಾಮಾನ್ಯವಾಗಿ ಸಂಕೋಚದಿಂದ ಬಿಟ್ಟುಬಿಡುವ ಸಂಗತಿಯೊಂದನ್ನು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ನಮ್ಮ ಬೋಟುಗಳಲ್ಲಿ ಅನೇಕಕ್ಕೆ ಶೌಚದ ಏರ್ಪಾಡೇ ಇಲ್ಲ. ವಾರಗಟ್ಟಲೆ ಕಡಲಿನಲ್ಲಿ ದುಡಿಯುವ ಮನುಷ್ಯನು ಇರುಳು ಹಗಲೆನ್ನದೆ ಬೋಟಿನ ಅಂಚಿಗೆ ಹೋಗಿ, ಒಂದು ಕೈಯಲ್ಲಿ ಹಗ್ಗವನ್ನು ಹಿಡಿದು, ತೂಗಾಡುವ ಹಲಗೆಯ ಮೇಲೆ ದೇಹಬಾಧೆಯನ್ನು ತೀರಿಸಿಕೊಳ್ಳಬೇಕು. ಮೇಲೆ ಹೇಳಿದ ಯುವಕನು ಬಿದ್ದುದೂ ಹೀಗೆಯೇ. ಒಂದು ಸಣ್ಣ ಮರೆಯ ಕೋಣೆ, ಬೋಟಿನ ಸುತ್ತ ಸೊಂಟದೆತ್ತರದ ಕಂಬಿ, ರಾತ್ರಿ ಅಂಚಿಗೆ ಹೋಗುವವನು ಇನ್ನೊಬ್ಬನಿಗೆ ಹೇಳಿಯೇ ಹೋಗತಕ್ಕದ್ದೆಂಬ ನಿಯಮ: ಈ ಮೂರಕ್ಕೆ ಎಷ್ಟು ವೆಚ್ಚ? ಊರೂರಿನಲ್ಲಿ ಮನೆಮನೆಗೆ ಶೌಚಗೃಹವಿರಬೇಕೆಂದು ಸಾರಿದ ದೇಶವು ಕಡಲಿನ ಮೇಲಿನ ಮನೆಯನ್ನು ಮರೆಯಬಹುದೇ? ಹೊಸ ಬೋಟು ಕಟ್ಟುವವರಿಗೆ ಪರವಾನಗಿ ಕೊಡುವಾಗಲೇ ಇವುಗಳನ್ನು ಕಡ್ಡಾಯ ಮಾಡಿದರೆ, ಯಾವ ಹೆಲಿಕಾಪ್ಟರೂ ಉಳಿಸಲಾಗದ ಜೀವಗಳು ಉಳಿಯುವುವು.

ಸರಕಾರವು ಏನನ್ನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1978ರಲ್ಲಿ ಶಾಸನಬದ್ಧವಾದ ಭಾರತೀಯ ತಟರಕ್ಷಣಾ ಪಡೆಯ ನೌಕೆಗಳು ಪಣಂಬೂರಿನಲ್ಲಿ ನಿಂತು ಈ ಕಡಲನ್ನು ಕಾಯುತ್ತಿವೆ. ಕಡಲಿನ ಆಪತ್ತಿಗೆ 1554 ಎಂಬ ದೂರವಾಣಿ ಸಂಖ್ಯೆಯಿದೆ; ಕರಾವಳಿ ಕಾವಲು ಪೊಲೀಸರಿಗೆ 1093. ಇಸ್ರೋ ಸಂಸ್ಥೆಯವರು ಮೀನುಗಾರರಿಗೆಂದೇ ಆಪತ್ಸಂದೇಶವನ್ನು ಉಪಗ್ರಹದ ಮೂಲಕ ಕಳುಹಿಸುವ ಯಂತ್ರವನ್ನು ರೂಪಿಸಿದರು. 2024ರಲ್ಲಿ ಬಂದ ಅದರ ಎರಡನೆಯ ಮಾದರಿಯು ಸಂದೇಶ ಮುಟ್ಟಿತೆಂಬ ಮರುನುಡಿಯನ್ನೂ ಕೊಡುತ್ತದೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಅಪ್ಪಳಿಸಿದಾಗ 'ಕೋರಮಂಡಲ್ ಸಪೋರ್ಟರ್' ಎಂಬ ಟಗ್ಗು ಕಾಪುವಿನ ಆಚೆಯ ಬಂಡೆಗಳಿಗೆ ಸಿಕ್ಕಿ, ಅದರಲ್ಲಿದ್ದ ಒಂಬತ್ತು ಮಂದಿ ಜೀವವನ್ನು ಕೈಯಲ್ಲಿ ಹಿಡಿದು ಕುಳಿತಿದ್ದುದನ್ನೂ, ಮೇ 17ರಂದು ತಟರಕ್ಷಣಾ ಪಡೆಯವರೂ ನೌಕಾಪಡೆಯ ಹೆಲಿಕಾಪ್ಟರಿನವರೂ ಸೇರಿ ಒಂಬತ್ತು ಮಂದಿಯನ್ನೂ ಪಾರುಮಾಡಿದುದನ್ನೂ ಕಾಪುವಿನ ಜನ ಬಲ್ಲರು. ಅದು ಹೆಮ್ಮೆಯ ದಿನ.

ಆದರೆ ಆ ಒಂಬತ್ತು ಮಂದಿಗೆ ನಿಲ್ಲಲು ಹಡಗಿನ ಹಲಗೆಯಿತ್ತು. ಅವರು ಎರಡು ದಿನ ಕಾಯಬಲ್ಲವರಾಗಿದ್ದರು. ಬರಿಮೈಯಲ್ಲಿ ನೀರಿಗೆ ಬಿದ್ದು ಪೆಟ್ಟುತಿಂದವನಿಗೆ ಇರುವುದು ಕೆಲವು ನಿಮಿಷ. ಪಣಂಬೂರಿನಿಂದ ನೌಕೆ ಎಷ್ಟು ಬೇಗ ಹೊರಟರೂ ಮಲ್ಪೆಯ ನೇರಕ್ಕೆ ಬರಲು ಗಂಟೆಗೂ ಹೆಚ್ಚು ಹೊತ್ತು ಬೇಕು. ಆಳಸಮುದ್ರಕ್ಕಂತೂ ಇನ್ನೂ ಹೆಚ್ಚು. ಆಪತ್ಸಂದೇಶದ ಯಂತ್ರವೂ ಬೋಟಿನಲ್ಲಿ ಉಳಿಯುತ್ತದೆಯೇ ಹೊರತು ಬಿದ್ದವನೊಡನೆ ನೀರಿಗೆ ಇಳಿಯುವುದಿಲ್ಲ. ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುವ, ನೀರಿಗೆ ಬಿದ್ದೊಡನೆ ಹತ್ತಿರದ ದೋಣಿಗಳಿಗೆ ಸುಳಿವು ಕೊಡುವ ಅಂಗೈಯಗಲದ ಯಂತ್ರಗಳು ಇತರ ದೇಶಗಳಲ್ಲಿ ಬಳಕೆಯಲ್ಲಿವೆ. ಚಂದ್ರನ ಮೇಲೆ ಯಂತ್ರವನ್ನಿಳಿಸಿದ ನಮ್ಮ ವಿಜ್ಞಾನಿಗಳಿಗೆ ಅವನ್ನು ಅಗ್ಗವಾಗಿ ಮಾಡುವುದು ಅಸಾಧ್ಯವೇ? ಅಲ್ಲಿಯವರೆಗೂ, ಅದಾದ ಮೇಲೆಯೂ, ಕಡಲಿಗೆ ಬಿದ್ದವನ ಮೊದಲನೆಯ ರಕ್ಷಕನು ಅವನ ಪಕ್ಕದಲ್ಲಿ ಹಗ್ಗವೆಳೆಯುತ್ತಿದ್ದವನೇ. ಅವನಿಗೆ ಕಲಿಸದೆ ಮಿಕ್ಕೆಲ್ಲರಿಗೆ ಕಲಿಸಿದರೂ ಫಲವಿಲ್ಲ.

"ಕಡಲಿನ ಋಣ, ಹಣೆಯ ಬರಹ" ಎಂಬ ಮಾತೊಂದು ನಮ್ಮಲ್ಲಿ ಬೇರೂರಿದೆ. ಮಗನನ್ನು ಕಳೆದುಕೊಂಡ ತಾಯಿಗೆ ಆ ಮಾತು ಸಮಾಧಾನವನ್ನು ಕೊಡುವುದಾದರೆ ಅದನ್ನು ಕಸಿಯಲು ನಾವಾರು? ಆದರೆ ಅಧಿಕಾರಿಯ ಬಾಯಿಂದಲೂ ಮಾಲೀಕನ ಬಾಯಿಂದಲೂ ಅದೇ ಮಾತು ಹೊರಟಾಗ ಅದು ಸಮಾಧಾನವಲ್ಲ, ನುಣುಚಿಕೊಳ್ಳುವ ದಾರಿ. 1979ರಲ್ಲಿ ಇಂಗ್ಲೆಂಡಿನ ಬಳಿ ಫಾಸ್ಟ್‌ನೆಟ್ ಎಂಬ ಹಾಯಿದೋಣಿಗಳ ಪಂದ್ಯದಲ್ಲಿ ಬಿರುಗಾಳಿಯೆದ್ದು ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. ಅಲ್ಲಿಯವರು ಹಣೆಯ ಬರಹವೆಂದು ಸುಮ್ಮನಾಗಲಿಲ್ಲ. ಯಾವ ದೋಣಿ ಹೇಗೆ ಮಗುಚಿತು, ಯಾರ ಸೊಂಟದ ಪಟ್ಟಿ ಎಲ್ಲಿ ಹರಿಯಿತು ಎಂದು ವಿಚಾರಣೆ ನಡೆಯಿಸಿ ನಿಯಮಗಳನ್ನು ತಿದ್ದಿದರು. ವಿನೋದಕ್ಕಾಗಿ ಕಡಲಿಗಿಳಿದವರ ಸಾವಿಗೆ ಅಷ್ಟು ವಿಚಾರಣೆಯಾದರೆ, ಹೊಟ್ಟೆಪಾಡಿಗಾಗಿ ಇಳಿದವರ ಸಾವಿಗೆ ಎಷ್ಟಾಗಬೇಡ? ಕರ್ನಾಟಕದ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಶಾಸನವು 1986ರಷ್ಟು ಹಿಂದೆಯೇ ಆಗಿದೆ. ಬೋಟಿನಿಂದ ಬಿದ್ದ ಪ್ರತಿಯೊಬ್ಬನ ವಿಷಯದಲ್ಲಿಯೂ, ಅವನು ಬದುಕಿರಲಿ ಸತ್ತಿರಲಿ, ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ, ಜಾಕೆಟ್ ತೊಟ್ಟು ಅಥವಾ ತೊಡದೆ ಬಿದ್ದನೆಂಬುದನ್ನು ಬರೆದಿಟ್ಟು ವರ್ಷಕ್ಕೊಮ್ಮೆ ಪ್ರಕಟಿಸತಕ್ಕದ್ದೆಂದು ಮೀನುಗಾರಿಕೆಯ ಇಲಾಖೆಯವರನ್ನು ನಾವು ಒತ್ತಾಯಿಸುತ್ತೇವೆ. ಪರಿಹಾರಧನವು ಸತ್ತವನ ಮನೆಯವರ ಹಕ್ಕು. ಸಾವಿನ ಕಾರಣವನ್ನು ತಿಳಿಯುವುದು ಬದುಕಿರುವವರೆಲ್ಲರ ಹಕ್ಕು.

ಇಷ್ಟನ್ನು ಓದಿದ ಕಾರ್ಕಳದ ವಕೀಲರೋ ಮಣಿಪಾಲದ ಪ್ರಾಧ್ಯಾಪಕರೋ "ಇದು ಮಲ್ಪೆಯವರ ಮಾತು, ನಮಗೇನು?" ಎನ್ನಬಹುದು. ಕಾರ್ಕಳದ ಕಡೆಯಿಂದ ಹರಿದುಬರುವ ಸ್ವರ್ಣೆಯ ನೀರನ್ನು ಉಡುಪಿಯೂ ಮಣಿಪಾಲವೂ ಕುಡಿಯುತ್ತವೆ. ಅದೇ ನದಿ ಕೊನೆಗೆ ಮಲ್ಪೆಯ ಬಡಗಣ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಘಟ್ಟದ ಬುಡಕ್ಕೂ ಕಡಲಿಗೂ ನಂಟು ಅಷ್ಟು ನಿಕಟವಾದುದು. ಅಲ್ಲದೆ ಕಾರ್ಕಳದ ಪೇಟೆಯಲ್ಲಿ ಬೆಳಗಾಗೆದ್ದು ಬಂಗುಡೆ ಬೂತಾಯಿಗಳನ್ನು ಕೊಳ್ಳುವವರು, ಅದನ್ನು ಹಿಡಿದುತಂದವನು ಮನೆ ಸೇರಿದನೇ ಎಂದು ವಿಚಾರಿಸುವುದು ಸಾಲದ ಋಣವೇನೂ ಅಲ್ಲವಷ್ಟೆ? ಮಣಿಪಾಲದ ವೈದ್ಯವಿದ್ಯಾಲಯಕ್ಕಂತೂ ಇಲ್ಲಿ ಸ್ಪಷ್ಟವಾದ ಕರ್ತವ್ಯವಿದೆ. ಮುಳುಗಿ ಉಸಿರು ನಿಂತವನ ಹೊಟ್ಟೆಯನ್ನು ಅದುಮಿ, ತಲೆಕೆಳಗಾಗಿಸಿ, ಬೆನ್ನ ಮೇಲೆ ಹೊತ್ತು ತಿರುಗಿಸಿ ನೀರು ಕಕ್ಕಿಸುವ ಹಳೆಯ ರೂಢಿಯು ಇನ್ನೂ ಹೋಗಿಲ್ಲ. ಅದರಿಂದ ಉಪಕಾರವಿಲ್ಲ, ಅಮೂಲ್ಯವಾದ ನಿಮಿಷಗಳು ನಷ್ಟವಾಗುವುವು. ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡುವುದು, ಆಮೇಲೆ ಎದೆಯನ್ನು ಒತ್ತುವುದು, ವೈದ್ಯರ ಕೈಗೆ ಒಪ್ಪಿಸುವವರೆಗೂ ಅದನ್ನು ಬಿಡದೆ ನಡೆಯಿಸುವುದು, ಇದೇ ಈಗಿನ ವೈದ್ಯಶಾಸ್ತ್ರದ ಮತ. ಈ ಕ್ರಮವನ್ನು ಬೋಟಿಗೊಬ್ಬರಂತೆ ಕಲಿಸಲು ವಿದ್ಯಾರ್ಥಿಗಳು ಬಂದರಿಗೆ ಇಳಿದುಬರಲಿ. ಉಡುಪಿಯಲ್ಲಿ ಎನ್.ಸಿ.ಸಿ.ಯ ನೌಕಾವಿಭಾಗವಿದೆ, ನಮ್ಮ ಹುಡುಗರು ಹುಡುಗಿಯರು ದೋಣಿ ನಡೆಯಿಸುವುದನ್ನು ಅಲ್ಲಿ ಕಲಿಯುತ್ತಾರೆ. ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು 2024ರ ಅಕ್ಟೋಬರಿನಲ್ಲಿ ಗೋವೆಯಿಂದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಹೊರಟು ಭೂಮಂಡಲವನ್ನು ಸುತ್ತಿ 2025ರ ಮೇ ತಿಂಗಳಿನಲ್ಲಿ ಹಿಂದಿರುಗಿದುದನ್ನು ದೇಶವೇ ಕೊಂಡಾಡಿತು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಬಿದ್ದರೆ ಉಳಿಯುವವರು ಒಬ್ಬರೇ. ಅದರಿಂದಲೇ ಮಹಾಸಾಗರದ ಹಾಯಿಗಾರರು ಮೈಗೆ ಪಟ್ಟಿಯನ್ನು ಬಿಗಿದು ಹಗ್ಗದಿಂದ ದೋಣಿಗೆ ಸಿಕ್ಕಿಸಿಕೊಂಡು ನಡೆದಾಡುವರು. ಧೈರ್ಯವೆಂದರೆ ಹಗ್ಗವಿಲ್ಲದಿರುವುದಲ್ಲವೆಂಬುದನ್ನು ನಮ್ಮ ತರುಣರು ಅವರಿಂದ ಕಲಿಯಲಿ.

ಕಾಪುವಿನ ಬಂಡೆಯ ಮೇಲೆ 1901ರಿಂದ ದೀಪಸ್ತಂಭವು ಉರಿಯುತ್ತಿದೆ. ಪರರ ಆಳ್ವಿಕೆಯಲ್ಲಿ, ಹಡಗುಗಳೂ ಹಡಗಿನ ಸರಕೂ ಬಂಡೆಗೆ ಬಡಿಯದಿರಲೆಂದು ನಿಲ್ಲಿಸಿದ ದೀಪವದು; ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸ್ವರಾಜ್ಯದ ದೀಪವು ಸರಕಿಗಿಂತ ಮೊದಲು ಆಳನ್ನು ಕಾಯಬೇಕು. ಆಳು ಎಂಬ ಪದಕ್ಕೆ ನಮ್ಮ ನುಡಿಯಲ್ಲಿ ಕೂಲಿಯವನೆಂಬ ಅರ್ಥವೂ ಉಂಟು, ಮನುಷ್ಯನೆಂಬ ಅರ್ಥವೂ ಉಂಟು. ಎರಡನೆಯ ಅರ್ಥವನ್ನು ನಾವು ಮರೆತಿಲ್ಲವೆಂದು ತೋರಿಸುವ ಸಮಯವಿದು.

ಕಡೆಯದಾಗಿ ಒಂದು ಸೂಚನೆ. ಜೂನ್, ಜುಲೈ ತಿಂಗಳುಗಳ ನಿಷೇಧವು ಮುಗಿದು ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಕಾಲದಲ್ಲಿ ನಮ್ಮ ಮೀನುಗಾರರು ಸಮುದ್ರಪೂಜೆಯನ್ನು ನಡೆಯಿಸುತ್ತಾರೆ. ಹಾಲೆರೆದು, ಹೂವಿಟ್ಟು, ತೆಂಗಿನಕಾಯಿಯನ್ನು ಕಡಲಿಗೆ ಅರ್ಪಿಸುವರು. ಆ ಪೂಜೆಗೆ ನಮ್ಮ ನಮಸ್ಕಾರ. ಅದು ಮುಗಿದ ಮೇಲೆ ಪ್ರತಿಯೊಂದು ಬೋಟಿನವರೂ ಅಳಿವೆಯ ಆಚೆಗೆ ಹೋಗಿ ಇನ್ನೊಂದು ತೆಂಗಿನಕಾಯಿಯನ್ನು ಎಸೆಯಲಿ. ಇದು ಅರ್ಪಿಸುವುದಕ್ಕಲ್ಲ, ಮರಳಿ ತರುವುದಕ್ಕೆ. "ಆಳು ಬಿದ್ದ!" ಎಂದು ಒಬ್ಬನು ಕೂಗಲಿ, ಒಬ್ಬನು ಬೆರಳು ತೋರಲಿ, ಒಬ್ಬನು ಬಳೆ ಎಸೆಯಲಿ, ತಾಂಡೇಲನು ಬೋಟನ್ನು ತಿರುಗಿಸಲಿ, ಬಲೆಯ ತುಂಡನ್ನಿಳಿಸಿ ಆ ಕಾಯಿಯನ್ನು ಎತ್ತಿಕೊಳ್ಳಲಿ. ಗಡಿಯಾರವನ್ನು ಹಿಡಿದು ಎಷ್ಟು ನಿಮಿಷವಾಯಿತೆಂದು ಲೆಕ್ಕವಿಡಲಿ; ಮರುವರ್ಷ ಅದಕ್ಕಿಂತ ಬೇಗ ತರಲಿ. ಇಲಾಖೆಯವರು ಇದನ್ನೇ ಪರವಾನಗಿಯ ಪರೀಕ್ಷೆಯನ್ನಾಗಿ ಮಾಡಿದರೆ ಇನ್ನೂ ಉತ್ತಮ. ಇದಕ್ಕೆ ಕೋಟಿಗಳ ಯೋಜನೆ ಬೇಡ, ಸಮಿತಿ ಬೇಡ, ಶಿಲಾನ್ಯಾಸ ಬೇಡ. ಬೇಕಾದುದು ಒಂದು ತೆಂಗಿನಕಾಯಿ, ಒಂದು ಗಳಿಗೆ, ಮತ್ತು ಸಂಗಡಿಗನ ತಲೆಯು ಆ ಕಾಯಿಗಿಂತ ಬೆಲೆಯುಳ್ಳದ್ದೆಂಬ ಅರಿವು.

ದಡದಲ್ಲಿ ನಿಂತು ವಸ್ತ್ರ ಬೀಸಿದವರ ಊರು ನಮ್ಮದು. ಅಂದು ಹಡಗು ತಪ್ಪದೆ ದಡ ಸೇರಿತು. ಇಂದು ಕಡಲಿಗೆ ಹೋದ ಆಳು ತಪ್ಪದೆ ಮನೆ ಸೇರುವಂತೆ ಮಾಡುವ ಭಾರವು ಸರಕಾರದ ಮೇಲೆಯೂ, ಮಾಲೀಕರ ಮೇಲೆಯೂ, ಅವರಷ್ಟೇ ನಮ್ಮನಿಮ್ಮೆಲ್ಲರ ಮೇಲೆಯೂ ಇದೆ.